ಸಾಹೇಬ ಕೇಳಿದ ನೀರು

ನವೆಂಬರ್ 9, 2024. ಶನಿವಾರ, ದುಂಡಸಿ

ಹಿರೇಕೆರೂರಿನ ಹೈಸ್ಕೂಲಿನಲ್ಲಿ ಇವತ್ತೂ ವಿಮಾನದ ಕಥೆಯನ್ನೇ ಕೇಳಿದರು. ಹೇಳಿದೆ. ಶಾಲು, ತೆಂಗಿನಕಾಯಿ, ಒಂದು ಪ್ಲೇಟು ಉಪ್ಪಿಟ್ಟು. ನಲವತ್ತು ವರ್ಷದಿಂದ ಅದೇ ಕಥೆ. ಜನಕ್ಕೆ ಬೇಸರ ಬಂದಿಲ್ಲ, ನನಗಂತೂ ಇಲ್ಲವೇ ಇಲ್ಲ.

ಮಹಾಯುದ್ಧದ ಕಾಲ. ನಮ್ಮ ಗುಡ್ಡದ ಹೊಲದಲ್ಲಿ ವಿಮಾನ ಬಿತ್ತು. ಅವ್ವನ ಅಪ್ಪ ಮಾಳಪ್ಪ ಮುತ್ಯಾ ಓಡಿದ. ಕೈಯಲ್ಲಿ ಹೊಲಕ್ಕೆ ನೀರು ಒಯ್ಯುವ ಮಣ್ಣಿನ ತತ್ರಾಣಿ. ನಮ್ಮ ಓಣಿಯ ನೀರನ್ನು ಊರವರು ಮುಟ್ಟದ ಕಾಲ ಅದು. ಬಿಳಿ ಸಾಹೇಬ ಆ ತತ್ರಾಣಿಯನ್ನು ಕಚ್ಚಿ, ಗಟಗಟ ಕುಡಿದ! ಇಲ್ಲಿ ಚಪ್ಪಾಳೆ. ಆಮೇಲೆ ಚಕ್ಕಡಿ, ಯಲವಿಗಿ ಸ್ಟೇಷನ್, ರೈಲಿನ ಕಿಟಕಿಯಿಂದ ಸಾಹೇಬನ ಸಲಾಮು. ಸಾಹೇಬನ ಮುಖಕ್ಕೆ ಮೀಸೆ ಮಾತ್ರ ನಾನು ಹಚ್ಚಿದ್ದು, ಉಳಿದದ್ದೆಲ್ಲ ಮುತ್ಯಾ ಹೇಳಿದ್ದು.

ಸೋಮವಾರ ಹಳೆಯ ವಿಮಾನಗಳ ಮ್ಯೂಸಿಯಂಗೆ ಹೋಗಬೇಕು. ಅಲ್ಲಿನ ಪದ್ಮಜಾ ಮೇಡಂ ನನ್ನ ಕಥೆಯ ವಿಡಿಯೋ ನೋಡಿದ್ದಾರೆ. ಆ ವಿಮಾನ ಹಾರಿದ್ದು ಅವರ ಹ್ಯಾಂಗರಿನಿಂದಲೇ ಅಂತೆ. ಮುರುಕು ಈಗಲೂ ಇದೆಯಂತೆ. ಅದರ ಪಕ್ಕದಲ್ಲಿ ನನ್ನ ದನಿ ಇಡುತ್ತಾರೆ. ಬಂದವರೆಲ್ಲ ಕೇಳಬೇಕು. ಮಗಳು ಮಾಲಾ ಜೊತೆಗೆ ಬರುತ್ತಾಳೆ. ಹೊಸ ಧೋತರ ತೆಗೆದಿಟ್ಟಿದ್ದೇನೆ.

ನವೆಂಬರ್ 11, ಸೋಮವಾರ. ವಾಪಸ್ ಬಸ್ಸಿನಲ್ಲಿ

 

ಯುದ್ಧದಲ್ಲಿ ಕಟ್ಟಿದ ತಗಡಿನ ಹ್ಯಾಂಗರು. ನಮ್ಮ ಓಣಿ ಅರ್ಧ ಅದರಲ್ಲಿ ಹಿಡಿಸೀತು. ವಿಮಾನಗಳು ದನ ಕಟ್ಟಿದ ಹಾಗೆ ಸಾಲಾಗಿ ನಿಂತಿವೆ. ಮೇಲೆ ಪಾರಿವಾಳ. ಮೇಡಂ ಸವಣೂರಿನವರೇ, ಆಚಾರ್ಯರ ಮನೆತನ. ಕೈಮುಗಿದು ಒಳಗೆ ಕರೆದರು. ಕೊನೆಯ ಮೂಲೆಯಲ್ಲಿ ನಮ್ಮ ವಿಮಾನ — ಅರ್ಧ ರೆಕ್ಕೆ, ಒಂದು ಗಾಲಿ, ಸುಟ್ಟ ಇಂಜಿನ್.

ಪಕ್ಕದಲ್ಲಿ ಗಾಜಿನ ಪೆಟ್ಟಿಗೆ. ಸಾಹೇಬನ ಫೋಟೋ. ಇಪ್ಪತ್ತೊಂದು ವರ್ಷ. ಮೀಸೆ ಇಲ್ಲ. ಅರೆ, ಹುಡುಗ ಅಂತ ನಗು ಬಂತು. ಮಾಲಾ ಕೆಳಗಿನ ಇಂಗ್ಲಿಷ್ ಓದುತ್ತಿದ್ದವಳು ನಿಂತಳು.

“ಅಪ್ಪಾ... ಇಂವ ಬಿದ್ದ ದಿನಾನ ಸತ್ತಾನ.”

ತಪ್ಪು ಬರೆದಿರಬೇಕು ಅಂದೆ. ಯಲವಿಗಿಯಲ್ಲಿ ರೈಲು ಹತ್ತಿದವನು ಹೇಗೆ ಸಾಯುತ್ತಾನೆ?

ಪೆಟ್ಟಿಗೆಯಲ್ಲಿ ನಕಾಶೆಯ ಒಂದು ಚೂರು. ಮರುದಿನ ಹುಡುಕಿ ಬಂದ ಸಿಪಾಯಿಗಳಿಗೆ ಅವನ ಜೇಬಿನಲ್ಲಿ ಸಿಕ್ಕಿದ್ದು. ಅಂಚಿನಲ್ಲಿ ಪೆನ್ಸಿಲಿನ ಬರಹ. ಮಾಲಾ ಕನ್ನಡದಲ್ಲಿ ಮೆಲ್ಲಗೆ ಓದಿದಳು: ಕಾಲು ಅಲುಗುತ್ತಿಲ್ಲ. ನೀರಿನ ಮಡಕೆ ಹಿಡಿದ ಮನುಷ್ಯ ಬಂದ. ಸನ್ನೆ ಮಾಡಿ ಕೇಳಿದೆ. ಮಡಕೆಯ ಸಮೇತ ಓಡಿಹೋದ.

ಇನ್ನೊಮ್ಮೆ ಓದಿಸಿದೆ. ಅದೇ.

ಚಹಾ ಮುಟ್ಟಲಿಲ್ಲ. ರೆಕಾರ್ಡಿಂಗ್ ಇನ್ನೊಂದು ದಿನ ಅಂತ ಹೊರಬಿದ್ದೆ. ಅವನು ಬೇರೆ ಯಾರೋ. ಮುತ್ಯಾ ಆಮೇಲೆ ಬಂದಿರಬೇಕು. ಹೌದು, ಆಮೇಲೆ...

ನವೆಂಬರ್ 12. ಬೆಳಿಗ್ಗೆ

ಮೇಡಂ ಚೂರಿನ ಹಿಂಬದಿಯ ಫೋಟೋ ಕಳಿಸಿದ್ದಾರೆ. ಅಲ್ಲೂ ಎರಡು ಸಾಲು. ಪುಟ್ಟ ಹುಡುಗಿಯೊಬ್ಬಳು ಪಕ್ಕದಲ್ಲಿ ಕೂತಿದ್ದಾಳೆ. ಮುಖದ ಮೇಲಿನ ನೊಣ ಹೊಡೆಯುತ್ತಿದ್ದಾಳೆ.

ನನ್ನ ಕಥೆಯಲ್ಲಿ ಹುಡುಗಿ ಇಲ್ಲ.

ಅವ್ವನಿಗೆ ಈಗ ಎಂಬತ್ತೆಂಟು. ಆಗ ಎಂಟು.

ಅದೇ ದಿನ, ಸಂಜೆ ನಾಲ್ಕು

ಕೇಳಿದೆ. ಅವ್ವ ಹಿತ್ತಲಲ್ಲಿ ಅವರೆ ಬಿಡಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

“ನಾನ ಆ ಹುಡುಗಿ. ನಮ್ಮ ನೀರು ಗೌಡ ಮುಟ್ಟತಿರಲಿಲ್ಲ. ಆ ಗೌಡ ಸಾಹೇಬನ ಮುಂದ ಕೈ ಕಟ್ಟಿ ನಿಂದ್ರಾಂವ. ಅಂಥಾ ಸಾಹೇಬಗ ನಮ್ಮ ನೀರು ಹೆಂಗ ಕುಡಸೂದು, ಪಾಪ ಬರತೈತಿ ಅಂದ ನಮ್ಮಪ್ಪ. ಮ್ಯಾಲಿನ ಓಣಿಯವರನ್ನ ಕರಕೊಂಡ ಬರ್ತೇನಿ ಅಂತ ಓಡಿದ. ನಾ ಎಲ್ಲಿ ಕೊಟ್ಟ ಬಿಡ್ತೇನೋ ಅಂತ ತತ್ರಾಣೀನೂ ಒಯ್ದ.”

ಮೇಲಿನ ಓಣಿಯಲ್ಲಿ ಮನೆ ಮನೆಯ ಮುಂದೆ ನಿಂತು ಕೂಗಿದನಂತೆ. ಪೊಲೀಸರ ಭಯ. ಒಂದೊಂದೇ ಬಾಗಿಲು ಮುಚ್ಚಿದವು. ತಿರುಗಿ ಬರುವಷ್ಟರಲ್ಲಿ ಸಾಹೇಬ ತಣ್ಣಗಾಗಿದ್ದ. ತತ್ರಾಣಿ ತುಂಬಿದ್ದು ತುಂಬಿದ ಹಾಗೇ ಇತ್ತು. ಮುತ್ಯಾ ಒಂದು ವರ್ಷ ಸರಿಯಾಗಿ ಮಾತಾಡಲಿಲ್ಲವಂತೆ. ಆಮೇಲೆ ಒಂದು ದಿನ ಅಂಗಳದಲ್ಲಿ ಕೂತು ಕಥೆ ಶುರು ಮಾಡಿದ — ಸಾಹೇಬ ಕಚ್ಚಿ ಕುಡಿದ ಅಂತ.

ನಲವತ್ತು ವರ್ಷ ಯಾಕೆ ಸುಮ್ಮನಿದ್ದೆ ಅಂದೆ.

“ನೀ ಹೇಳೂ ಕಥಿಯೊಳಗರ ನಮ್ಮಪ್ಪ ನೀರು ಕುಡಸ್ತಾನ. ಅದಕ್ಕ ಕೇಳಕೋಂತ ಕುಂದರತಿದ್ನಿ.”

ನವೆಂಬರ್ 20

ಎಂಟು ದಿನ ಬರೆದಿಲ್ಲ. ಬರೆಯಲು ಕೂತರೆ ಮುತ್ಯಾ ಓಡುತ್ತಾನೆ. ತುಂಬಿದ ತತ್ರಾಣಿ ಎದೆಗವಚಿಕೊಂಡು ಓಡುತ್ತಾನೆ.

ಹಾನಗಲ್ಲಿನ ಕಾರ್ಯಕ್ರಮಕ್ಕೆ ಜ್ವರ ಅಂತ ಸುಳ್ಳು ಹೇಳಿದೆ. ಇವತ್ತು ಮೇಡಂ ಫೋನು.

“ಗುಡ್ಡಪ್ಪನವರ, ಚೀಟಿ ಒಂದು ಹೇಳತದ, ನಿಮ್ಮ ಕಥಿ ಒಂದು ಹೇಳತದ. ಎರಡೂ ಕೂಡಿ ಇಡಲಿಕ್ಕೆ ಬರೂದಿಲ್ಲರಿ. ಯಾವುದು ಖರೇ ಅಂತ ನೀವ ಹೇಳಬೇಕು. ರವಿವಾರ ಬರ್ರಿ.”

ನಿಜ ಹೇಳಿದರೆ ಮುತ್ಯಾ ನೀರು ಕೊಡದೆ ಓಡಿದವನಾಗಿ ಆ ಗಾಜಿನ ಪಕ್ಕ ನಿಂತುಬಿಡುತ್ತಾನೆ. ಅವ್ವನಿಗೆ ಇರುವ ಒಂದೇ ಸಮಾಧಾನವನ್ನೂ ನಾನೇ ಕಸಿದುಕೊಂಡ ಹಾಗೆ. ಸುಳ್ಳು ಹೇಳಿದರೆ ಆ ಹುಡುಗನ ಬರಹದ ಎದುರಿಗೇ ಹೇಳಬೇಕು.

ಅವ್ವನನ್ನೇ ಕೇಳಿದೆ, ಯಾವುದು ಹೇಳಲಿ ಅಂತ. ಯಾವುದೂ ಬೇಡ, ತಾನೂ ಬರುತ್ತೇನೆ ಅಂದಳು. ಶಿಗ್ಗಾವಿ ದಾಟದೆ ಆರು ವರ್ಷವಾಗಿದೆ ಅವಳಿಗೆ.

ನವೆಂಬರ್ 24, ರವಿವಾರ. ಹ್ಯಾಂಗರಿನ ಹೊರಗೆ, ಮೆಟ್ಟಿಲ ಮೇಲೆ

ಒಳಗಿರಲು ಆಗಲಿಲ್ಲ. ಬಾಗಿಲು ತೆರೆದಿದೆ, ಕಾಣುತ್ತದೆ, ಕೇಳುತ್ತದೆ.

ಮೈಕಿನ ಮುಂದೆ ನನ್ನ ಕುರ್ಚಿಯಲ್ಲಿ ಅವ್ವ ಕೂತಳು. ಮಾಳಪ್ಪನ ಮಗಳು ಶೇಖವ್ವ ಅಂತ ಹೆಸರು ಹೇಳಿದಳು. ನನಗೆ ಹೇಳಿದ್ದನ್ನೆಲ್ಲ ಹೇಳಿದಳು. ಮುಗಿಯಿತು ಅಂದುಕೊಂಡೆ. ಮುಗಿದಿರಲಿಲ್ಲ.

“ಅಪ್ಪ ಹ್ವಾದ ಮ್ಯಾಲ ಸಾಹೇಬ ಬಾಯಿ ಬಿಡಾಕತ್ತ. ಮಗ್ಗಲದಾಗ ಹಳ್ಳ ಇತ್ತು. ನಾ ಉಟ್ಟಿದ್ದ ಪರಕಾರದ ತುದಿ ತೋಯಿಸಿಕೊಂಡ ಬಂದು ಅವನ ಬಾಯಾಗ ಹಿಂಡಿದ್ನಿ. ಮೂರು ಸಲ. ಕುಡದ. ನನ್ನ ಕೈ ಹಿಡದ. ಸತ್ತ. ಪಾಪ ಬರತೈತಿ ಅಂದಿದ್ದ ಅಪ್ಪ. ನನ್ನ ನೀರ ಅವನ್ನ ಕೊಂದಿತ್ರಿ. ಅಪ್ಪಗೂ ಹೇಳಿಲ್ಲ, ಯಾರಿಗೂ ಹೇಳಿಲ್ಲ.”

ಎಂಬತ್ತು ವರ್ಷ. ನನ್ನ ಹೆತ್ತವಳು. ನಾನು ಊರೂರು ತಿರುಗಿ ಕಥೆ ಹೇಳುವವನು... ನನ್ನ ಮನೆಯಲ್ಲಿ...

ಮೇಡಂ ಎದ್ದು ಹೋಗಿ ಹಳೆಯ ಫೈಲು ತಂದರು. ಸಾಹೇಬನ ಹೆಣ ನೋಡಿದ ಡಾಕ್ಟರರ ವರದಿ. ಅವ್ವನ ಎದುರು ನೆಲದ ಮೇಲೇ ಕೂತು ಕನ್ನಡ ಮಾಡಿ ಓದಿದರು. ಬಿದ್ದ ಹೊಡೆತಕ್ಕೆ ಹೊಟ್ಟೆಯೊಳಗೆ ರಕ್ತನಾಳ ಒಡೆದಿತ್ತು. ಯಾರು ಏನು ಮಾಡಿದ್ದರೂ ಉಳಿಯುತ್ತಿರಲಿಲ್ಲ.

“ನೀರಿಂದ ಅಲ್ಲೇನ್ರಿ?”

ಅಲ್ಲ ಅಂದರು. ಇನ್ನೊಮ್ಮೆ ಓದಿರಿ ಅಂದಳು. ಓದಿದರು. ಇನ್ನೊಮ್ಮೆ. ಈಗ ನಾಲ್ಕನೆಯ ಸಲ. ಮೇಡಂ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುತ್ತಿದ್ದಾರೆ. ಅವ್ವ ಅವರ ಕೈ ಹಿಡಿದು ಇನ್ನೊಮ್ಮೆ ಓದಿರಿ ಅನ್ನುತ್ತಿದ್ದಾಳೆ.