‘ನೀವು ಇನ್ನೂ ಇದ್ದೀರಾ?’ ಎಂದು ಕೇಳುವವರಿಗೆ

ಮಾನ್ಯರೇ, ಗ್ರಾಹಕ ಸೇವೆಯ ಮುಖ್ಯಸ್ಥರೇ,

ತೀರಿಹೋದ ನಮ್ಮ ಅಕ್ಕ ಆಟದಲ್ಲಿ ಉಳಿಸಿಟ್ಟದ್ದರ ನಕಲು ಬೇಕಿದ್ದರೆ ಅವಳೇ ಖುದ್ದಾಗಿ ಅರ್ಜಿ ಹಾಕಬೇಕೆಂದು ನಿಮ್ಮ ಕಚೇರಿ ನನಗೆ ಮೂರು ಸಲ ಬರೆದಿದೆ. ಮೂರೂ ಸಲ ಕೊನೆಯಲ್ಲಿ ‘ನಮ್ಮ ಸೇವೆ ನಿಮಗೆ ತೃಪ್ತಿ ತಂದಿತೇ?’ ಎಂದು ವಿಚಾರಿಸಿದೆ. ತಂದಿದೆ ಸ್ವಾಮಿ, ಹೊಟ್ಟೆ ತುಂಬಿಹೋಗಿದೆ. ಅದಕ್ಕೇ ಈಗ ಊರೆಲ್ಲ ಓದಲಿ ಎಂದು ಪತ್ರಿಕೆಗೆ ಬರೆಯುತ್ತಿದ್ದೇನೆ.

ನಾನು ಬೀಗ ರಿಪೇರಿ ಮಾಡುವವನು. ಮನೆಯೊಡೆಯರು ಸತ್ತ ಮೇಲೆ ಮಕ್ಕಳು ಬಂದು, ‘ಕೀಲಿ ಸಿಗ್ತಿಲ್ಲ, ಬಾಗಿಲು ತೆಗೆದುಕೊಡಿ’ ಅನ್ನುತ್ತಾರೆ. ಗುರುತಿನ ಚೀಟಿ ಕೇಳುತ್ತೇನೆ, ಪಕ್ಕದ ಮನೆಯವರನ್ನು ವಿಚಾರಿಸುತ್ತೇನೆ. ಸತ್ತವರನ್ನೇ ಕರೆದುಕೊಂಡು ಬನ್ನಿ ಎಂದು ಇಪ್ಪತ್ತೆರಡು ವರ್ಷದಲ್ಲಿ ಒಬ್ಬರಿಗೂ ಹೇಳಿಲ್ಲ. ಅಷ್ಟು ಬುದ್ಧಿ ನನಗೆ ಓಡಲಿಲ್ಲ ನೋಡಿ.

ಬರೀ ಬೈಯಲು ಕೂತಿದ್ದೇನೆ ಅಂದುಕೊಳ್ಳಬೇಡಿ. ಅಕ್ಕನ ಕೈಕಾಲು ಒಂದೊಂದಾಗಿ ಸೋತು, ಎರಡು ಹೆಬ್ಬೆರಳು ಮಾತ್ರ ಅವಳ ಮಾತು ಕೇಳುತ್ತಿದ್ದ ಕಾಲದಲ್ಲಿ ನಿಮ್ಮ ಕ್ಲೌಡ್ ಗೇಮಿಂಗ್ ನಮ್ಮ ಮನೆಗೆ ಬಂತು. ದೊಡ್ಡ ಯಂತ್ರ ಬೇಡ. ಆಟ ನಿಮ್ಮ ದೂರದ ಕಂಪ್ಯೂಟರಿನಲ್ಲಿ ನಡೆಯುತ್ತದೆ, ಚಿತ್ರ ನಮ್ಮ ಹಳೇ ಟಿವಿಗೆ ಬರುತ್ತದೆ. ಆ ಆಟದಲ್ಲಿ ಅವಳು ಕೆರೆ ಪಕ್ಕ ಮನೆ ಕಟ್ಟಿದಳು. ಏಣಿ ಹತ್ತಿ ಹೆಂಚು ಹೊದಿಸಿದಳು. ‘ಅಮ್ಮಾ, ಬಾ ಇಲ್ಲಿ, ಓಡ್ತಿದೀನಿ ನೋಡು!’ ಎಂದು ಕೂಗಿದ್ದು ಇನ್ನೂ ಕಿವಿಯಲ್ಲಿದೆ. ಆ ಖುಷಿ ಕೊಟ್ಟವರು ನೀವೇ, ಇಲ್ಲ ಅನ್ನುವುದಿಲ್ಲ. ಆದರೆ ಆ ಮನೆ ಅವಳದ್ದೋ, ನಿಮ್ಮದೋ? ಆಗ ನಾವ್ಯಾರೂ ಕೇಳಲಿಲ್ಲ. ಬೀಗದವನಾದ ನನಗಾದರೂ ಹೊಳೆಯಬೇಕಿತ್ತು.

ಅಕ್ಕ ಹೋಗಿ ಏಳು ತಿಂಗಳಾಯಿತು. ಟಿವಿ ಹಾಕಿದರೆ ಆಟದೊಳಗಿನ ಅವಳು ಆ ಮನೆಯ ಮೆಟ್ಟಿಲ ಮೇಲೆ ಕೂತಿರುತ್ತಾಳೆ, ಕೊನೆಯ ದಿನ ಬಿಟ್ಟ ಜಾಗದಲ್ಲೇ. ಅವಳೇ ಹುಡುಕಿ ತೊಡಿಸಿದ ಹಸಿರು ಅಂಗಿ, ಅವಳದೇ ಮೋಟು ಜಡೆ. ಯಾರೂ ಗುಂಡಿ ಮುಟ್ಟದಿದ್ದರೆ ಸ್ವಲ್ಪ ಹೊತ್ತಿಗೆ ಆಕಳಿಸುತ್ತಾಳೆ. ಆಮೇಲೆ ಕತ್ತು ತಿರುಗಿಸಿ ನಮ್ಮ ಕಡೆ ನೋಡುತ್ತಾಳೆ. ನನಗೆ ಎದ್ದು ಹೋಗೋಣ ಅನ್ನಿಸುತ್ತದೆ, ಆಗುವುದಿಲ್ಲ. ಅಷ್ಟರಲ್ಲಿ ಪರದೆ ತುಂಬ ನಿಮ್ಮ ಪ್ರಶ್ನೆ: ‘ನೀವು ಇನ್ನೂ ಇದ್ದೀರಾ?’

ಅಮ್ಮ ಅಡುಗೆಮನೆಯಿಂದ ಒದ್ದೆ ಕೈಯಲ್ಲೇ ಓಡಿ ಬರುತ್ತಾಳೆ. ‘ಇದಾಳೆ ಕಣಪ್ಪಾ, ಇದಾಳೆ! ಎಷ್ಟು ಸಲ ಕೇಳ್ತೀಯ!’ ಎಂದು ಗುಂಡಿ ಒತ್ತುತ್ತಾಳೆ. ಉತ್ತರ ಕೊಡದಿದ್ದರೆ ನೀವು ಅವಳನ್ನು ತೆಗೆದುಹಾಕುತ್ತೀರಿ ಎಂಬುದು ಅಮ್ಮನ ನಂಬಿಕೆ. ಹಾಗಾಗಿ ನಾನು ಅಂಗಡಿಯಿಂದ ಬರುವ ತನಕ ಅಮ್ಮ ಹೊಸಿಲು ದಾಟುವುದಿಲ್ಲ.

‘ಅಮ್ಮಾ, ಅವಳು ಈ ಟಿವಿಯೊಳಗಿಲ್ಲ, ಎಲ್ಲೋ ದೂರದ ಕಂಪ್ಯೂಟರಿನಲ್ಲಿರೋದು’ ಎಂದು ಒಮ್ಮೆ ತಿಳಿಸಿ ಹೇಳಲು ಹೋದೆ.

‘ಹಾಗಾದ್ರೆ ಅಲ್ಲಿಗೇ ಹೋಗಿ ಕರ್ಕೊಂಡು ಬಾ’ ಅಂದಳು.

ಈಗ ನಿಮ್ಮ ನೋಟೀಸು ಬಂದಿದೆ. ತಿಂಗಳ ಕೊನೆಗೆ ಆ ಆಟ ನಿಮ್ಮ ಪಟ್ಟಿಯಿಂದ ಹೋಗುತ್ತದೆ, ಆಟಗಾರರು ಉಳಿಸಿಟ್ಟದ್ದೆಲ್ಲ ಅಳಿಸಿಹೋಗುತ್ತದೆ, ‘ಅನಾನುಕೂಲಕ್ಕೆ ವಿಷಾದಿಸುತ್ತೇವೆ’. ಅನಾನುಕೂಲ! ಎಂಥ ಹಗುರವಾದ ಪದ ಹುಡುಕಿದಿರಿ! ಅಮ್ಮನಿಗೆ ನಾನಿನ್ನೂ ಹೇಳಿಲ್ಲ.

ನನ್ನ ಬೇಡಿಕೆ ಇಷ್ಟೇ. ಆ ಮನೆಯ ಒಂದು ನಕಲು ನಮಗೆ ಕೊಡಿ. ಎಲ್ಲಿಯೂ ತೆರೆಯಲಾಗದ ಕಡತವಾದರೂ ಸರಿ, ಮನೆಯಲ್ಲಿಟ್ಟುಕೊಳ್ಳುತ್ತೇವೆ. ಅದೂ ಆಗುವುದಿಲ್ಲವೇ? ಹಾಗಾದರೆ ನಿಮ್ಮ ಕಚೇರಿಯಿಂದ ಒಬ್ಬರನ್ನು ಕಳಿಸಿ. ಅಮ್ಮನ ಪಕ್ಕ ಕೂತು ಅವರೇ ವಿಷಯ ಹೇಳಲಿ, ಅವರೇ ಅಳಿಸಲಿ. ಆಸ್ಪತ್ರೆಯಲ್ಲಿ ಅಕ್ಕನ ಉಸಿರಿನ ಯಂತ್ರ ನಿಲ್ಲಿಸಲು ಸಹಿ ಹಾಕಿದವನು ನಾನು. ಹೊರಗೆ ಬಂದು ಅಮ್ಮನಿಗೆ ಹೇಳಿದವನೂ ನಾನೇ. ಇನ್ನೊಂದು ಸಲ ನನ್ನ ಕೈಲಿ ಆಗುವುದಿಲ್ಲ.

ಇಂತಿ,
ಕಂಡವರ ಮನೆ ಬಾಗಿಲು ತೆಗೆದುಕೊಡುವವನು,
ಅವಳ ತಮ್ಮ