ಕತ್ತೆಯ ಕನ್ನಡ

ಮಿಯಾಪುರ, ಹೈದರಾಬಾದ್
೯ ಆಗಸ್ಟ್ ೨೦೨೫

ಚಿ. ಸೌ. ಮೃಣಾಲಿನಿಗೆ ಜಯತೀರ್ಥನ ಆಶೀರ್ವಾದಗಳು. ಬೇಡವಾದರೆ ಮರುಟಪಾಲಿನಲ್ಲಿ ಹಿಂದಿರುಗಿಸಬಹುದು.

ಸಮಸ್ತ ತೆಲಂಗಾಣದ ಜನತೆಗೂ, ಕಲಬುರ್ಗಿಯ ತಂಗಿಯ ಮನೆಯಲ್ಲಿ ವಿರಾಜಮಾನಳಾಗಿರುವ ನಿನಗೂ ಈ ಮೂಲಕ ಘೋಷಿಸುವುದೇನೆಂದರೆ: ನಮ್ಮ ಟೀವಿ ರಿಮೋಟಿನ ಹಿಂದಿನ ಮುಚ್ಚಳ ಸಿಕ್ಕಿದೆ! ವರ್ಷಗಟ್ಟಲೆ ಅಜ್ಞಾತವಾಸ ಮುಗಿಸಿ ಸೋಫಾದ ಹೊಟ್ಟೆಯಿಂದ ಹೊರಬಂತು. ಇಷ್ಟು ದಿನ ಸೇವೆ ಸಲ್ಲಿಸಿದ ರಬ್ಬರ್ ಬ್ಯಾಂಡಿಗೆ ಸಕಲ ಗೌರವಗಳೊಂದಿಗೆ ನಿವೃತ್ತಿ ಕೊಟ್ಟಿದ್ದೇನೆ.

ಸೋಫಾದೊಳಗೆ ಕೈ ಯಾಕೆ ಹಾಕಿದಿರಿ ಎಂದು ಕೇಳುತ್ತೀ. ಸಿಟ್ಟಿನಲ್ಲಿ ಒಗೆದ ರಿಮೋಟನ್ನು ಹುಡುಕುತ್ತಿದ್ದೆ. ಸಿಟ್ಟು ಯಾಕೆ ಬಂತು ಎಂಬುದೇ ಈ ಪತ್ರ.

ನಮ್ಮ ಸುಪುತ್ರ ಅಕ್ಷಯನನ್ನು ಹುಟ್ಟಿದಾಗಿನಿಂದ ನಾನು ಕತ್ತೆ ಎಂದೇ ಕರೆಯುತ್ತಿದ್ದೆ. ಹುಡುಗ ಅದನ್ನೇ ಕಸುಬು ಮಾಡಿಕೊಂಡ. ಆ ಮಕ್ಕಳ ಧಾರಾವಾಹಿಯ ಮುಂಗೋಪಿ ಕತ್ತೆಗೆ ಕನ್ನಡದಲ್ಲಿ ದನಿ ಕೊಟ್ಟ. ಸ್ಟುಡಿಯೋದವರು ಬರೆದುಕೊಟ್ಟದ್ದು ಬೆಂಗಳೂರಿನ ಮಡಿ ಕನ್ನಡ, ಅವನು ಆಡಿದ್ದು ನಿನ್ನ ಬೈಗುಳ. "ನನ್ನ ಬೆನ್ನೇನ್ ಸರ್ಕಾರಿ ಬೆಂಚ್ ಅಂತ ತಿಳದೀರೇನ್ರೀ? ಇಳೀರಿ ಕೆಳಗ!" ಎಂದು ಕತ್ತೆ ಮೊದಲ ಸಲ ಗದರಿದಾಗ ನೀನು ಸೌಟು ಹಿಡಿದೇ ಹೊರಗೆ ಬಂದೆ. "ಅಯ್ಯ ಭಾಡ್ಯಾ, ನನ್ನ ಮಾತ ಕದ್ದು ರೊಕ್ಕಾ ಮಾಡಾಕತ್ತೀಯೇನೋ!" ಅಂದೆ. ಆಮೇಲೆ ಸೌಟು ಕೈಯಲ್ಲಿರುವಂತೆಯೇ ಕೂತು ಪೂರ್ತಿ ಕಂತು ನೋಡಿದೆ. ಒಲೆಯ ಮೇಲಿನ ಸಾರು ಸೀದುಹೋಯಿತು.

ಬೇಗಂಪೇಟೆಯ ಫ್ಲೈಓವರಿನ ಮೇಲೆ ಆ ಲಾರಿ ಅವನನ್ನು ಒಯ್ದ ಮೇಲೆ ನಮಗೆ ಉಳಿದದ್ದು ಆ ಕತ್ತೆಯ ದನಿಯೊಂದೇ. ದಿನವಿಡೀ ಮೈಕಿನ ಮುಂದೆ ಕಿರುಚುವವನು ನಮಗೆ ವಾಟ್ಸಾಪಿನಲ್ಲಿ ಬರೀ ಹೆಬ್ಬೆರಳು ಕಳಿಸುತ್ತಿದ್ದ. ಮದುವೆ ಮುಂಜಿಯಲ್ಲಿ ಕ್ಯಾಮೆರಾ ಕಂಡರೆ ಓಟ.

ಮೊನ್ನೆ ಸಂಜೆ ಟೀವಿ ಹಚ್ಚಿದರೆ ಆ ಧಾರಾವಾಹಿ ಬರುವ ಆ್ಯಪಿಗೆ ಹೊಸ ಹೆಸರು, ಹೊಸ ಬಣ್ಣ. ದೊಡ್ಡ ಕಂಪನಿ ಸಣ್ಣದನ್ನು ನುಂಗಿದೆಯಂತೆ. ಕತ್ತೆ ಇತ್ತು. ಬಾಯಿ ತೆರೆಯಿತು. ತೆಲುಗು! ಭಾಷೆ ಬದಲಿಸಲು ಹೋದರೆ ಹಿಂದಿ ಇದೆ, ತಮಿಳು ಇದೆ, ಕನ್ನಡ ಮಾಯ. ರಿಮೋಟು ಹಾರಿದ್ದು ಆಗಲೇ.

ಕಸ್ಟಮರ್ ಕೇರಿನ ಹುಡುಗಿ ಮೊದಲು ಹಿಂದಿಯಲ್ಲಿ, ಆಮೇಲೆ ತೆಲುಗಿನಲ್ಲಿ ಕ್ಷಮೆ ಕೇಳಿದಳು. ನನ್ನ ಹೆಸರು ಕೇಳಿದ್ದೇ ದನಿ ತಗ್ಗಿಸಿ, "ನಾ ಸುವರ್ಣಾ ಅಂತ್ರಿ, ಬೀದರ ಕಡಿಯಾಕಿ. ಖರೇ ಹೇಳಲೇನ್ರಿ ಸರ? ಕನ್ನಡದಾಗ ನೋಡೋರೇ ಇಲ್ಲಂತ ತಗದಬಿಟ್ಟಾರ" ಎಂದಳು.

"ನಾ ದಿನಾ ನೋಡ್ತಿದ್ದೆನಲ್ಲವಾ?"

"ನೀವೊಬ್ರ ನೋಡಿದ್ರ ಹೆಂಗ ನಡೀತೈತ್ರಿ?"

ನಿಜ ಹೇಳಬೇಕೆಂದರೆ, ನಮ್ಮ ಕಾಲನಿಯ ಕನ್ನಡದವರ ಮನೆ ಮನೆಗೂ ಹೋಗಿ ನೋಡಿರಪ್ಪಾ ಎಂದು ನಾನೇ ಸಾರಿದ್ದೆ. ನಿನ್ನೆ ಎದುರು ಮನೆಯ ಹನುಮಂತರಾಯರನ್ನು ಕೇಳಿದೆ. ಎಲ್ಲ ಕಂತೂ ನೋಡಿದ್ದಾರೆ, ತೆಲುಗಿನಲ್ಲಿ. "ಮೊಮ್ಮಕ್ಕಳಿಗೆ ಅದ ತಿಳೀತೈತ್ರಿ. ಆದ್ರೂ ನಿಮ್ಮ ಅಕ್ಷಯ ಭಾಳ ಛಂದ ಮಾತಾಡ್ಯಾನ ಬಿಡ್ರಿ" ಎಂದು ಕಣ್ಣು ಒರೆಸಿಕೊಂಡರು. ಯಾರದೋ ಮಗನ ದನಿಗೆ ಅವರು ಅತ್ತರು, ನಾನು ಥ್ಯಾಂಕ್ಸ್ ಹೇಳಿದೆ.

ಅಕ್ಷಯ ದನಿ ಕೊಡುತ್ತಿದ್ದ ಸ್ಟುಡಿಯೋಗೂ ಹೋಗಿದ್ದೆ. ಅಲ್ಲಿ ಒಳಗೆ ಹೋಗುವ ಮೊದಲು ಫೋನುಗಳನ್ನು ಸ್ಟೀಲಿನ ತಟ್ಟೆಯಲ್ಲಿ ಇಟ್ಟುಹೋಗಬೇಕು, ಗುಡಿಯ ಹೊರಗೆ ಚಪ್ಪಲಿ ಬಿಟ್ಟಂತೆ. ರೆಕಾರ್ಡು ಮಾಡುವ ದೀಪಕ, ಅಕ್ಷಯನ ಗೆಳೆಯ, ತಲೆ ಎತ್ತದೆ ಹೇಳಿದ: "ಕಂಪನಿಗೆ ಕಳಿಸಿದ ಮ್ಯಾಲ ನಮ್ಮಲ್ಲಿರೋದನ್ನ ಅಳಸಬೇಕು ಅಂಕಲ್. ಎಕ್ಸ್‌ಕ್ಲೂಸಿವ್. ಅವರ ಹತ್ರ ಬಿಟ್ರ ಎಲ್ಲೂ ಇರಬಾರದು."

"ಹೊಸ ಕಂಪನಿಯವರ ಹತ್ರ?"

"ಕೇಳೀನಿ. ಬ್ಯಾಡಾದ ಭಾಷಾ ಎಲ್ಲಾ ಒರೆಸಿಬಿಟ್ಟಾರಂತ."

ಈಗ ಯಾರ ಹತ್ತಿರವೂ ಇಲ್ಲ. ಇದಕ್ಕಿಂತ ಎಕ್ಸ್‌ಕ್ಲೂಸಿವ್ ಇನ್ನೇನಿದೆ, ಹೇಳು? ಎಲ್ಲದಕ್ಕೂ ಚ್ಯಾಷ್ಟಿ ಮಾಡುತ್ತೀರಿ ಎಂದು ಮನೆ ಬಿಟ್ಟು ಹೋದೆಯಲ್ಲ, ಇದನ್ನು ಚ್ಯಾಷ್ಟಿಯಿಲ್ಲದೆ ಹೇಳಲು ಎರಡು ಸಲ ಕೂತೆ. ಕಾಗದ ಖಾಲಿಯೇ ಉಳಿಯಿತು.

ಇವತ್ತು ತೆಲುಗು ಕತ್ತೆಯ ದನಿ ನಿಲ್ಲಿಸಿ ನಾನೇ ಮಾತಾಡಿ ನೋಡಿದೆ. ಸರ್ಕಾರಿ ಬೆಂಚಿನ ತನಕ ಬಂತು. ಆಮೇಲೆ ಕತ್ತೆ ಬಾಯಿ ಆಡಿಸುತ್ತಲೇ ಇತ್ತು, ನನಗೆ ಮುಂದಿನ ಮಾತು ನೆನಪಾಗಲಿಲ್ಲ.

ಇಂತಿ ನಿನ್ನ,
ಜಯತೀರ್ಥ

ತಾ.ಕ.: ಅಕ್ಷಯನ ಟ್ಯಾಬು ನಿನ್ನ ಟ್ರಂಕಿನಲ್ಲಿದೆಯಲ್ಲ, ಅದರಲ್ಲಿ ರೈಲಿಗೆಂದು ನೀನು ಕತ್ತೆಯ ಕೆಲವು ಕಂತು ಇಳಿಸಿಕೊಂಡಿದ್ದೆ. ನೆಟ್ಟು ತಾಗಿದ ಕೂಡಲೇ ಆ್ಯಪು ಅವನ್ನು ಅಳಿಸುತ್ತದೆ ಎಂದು ದೀಪಕ ಹೇಳಿದ. ಇಳಿಸಿಕೊಂಡ ಕಂತುಗಳ ಗಡುವು ಮುಗಿದದ್ದರಿಂದ ನೆಟ್ಟಿಲ್ಲದೆ ಅವು ತೆರೆಯುವುದೂ ಇಲ್ಲ. ಹೊರಗೆ ತೆಗೆಯುವ ದಾರಿ ಅವನಿಗೂ ಗೊತ್ತಿಲ್ಲ. ಹುಡುಗ ಒಳಗಿದ್ದಾನೆ, ಕೇಳಿಸುವುದಿಲ್ಲ, ಅಷ್ಟೆ. ಫೋನಿನಲ್ಲಿ ಹೇಳಿದ್ದರೆ ನೀನು ಅರ್ಧ ಕೇಳಿ ಟ್ಯಾಬು ಹಚ್ಚಿ ನೋಡಿಬಿಡುತ್ತಿದ್ದೆ. ಪತ್ರವನ್ನಾದರೆ ಕೊನೆಯವರೆಗೆ ಓದುತ್ತೀ. ನಿನ್ನ ತಂಗಿಗೆ ಹೇಳಿ ಮನೆಯ ವೈಫೈ ಆರಿಸಿ, ಆಗಾಗ ಅದನ್ನು ಚಾರ್ಜಿಗೆ ಇಡು. ಬೇರೇನೂ ಒತ್ತಬೇಡ.