ಇಪ್ಪತ್ತೆರಡನೆಯ ಕಾರ್ಡು

ರಾಣೇಬೆನ್ನೂರು
೧೬ ಫೆಬ್ರುವರಿ ೨೦೨೫, ರವಿವಾರ

ಪ್ರೀತಿಯ ಸುಧಾ,

'ಪ್ರೀತಿಯ' ಎಂದು ಬರೆದದ್ದು ಅಭ್ಯಾಸಬಲದಿಂದ. ಓದುವಾಗ ಆ ಪದದ ಮೇಲೆ ಬೆರಳಿಟ್ಟು ಮುಚ್ಚಿಕೊ. ನೆಗಡಿಯೊಂದನ್ನು ಬಿಟ್ಟರೆ ನಾನು ಚೆನ್ನಾಗಿದ್ದೇನೆ. ಆ ನೆಗಡಿಯೂ ಬ್ಯಾಡಗಿ ಮೆಣಸಿನಕಾಯಿಯ ಕೊಡುಗೆ, ಹೇಗೆಂದು ಮುಂದೆ ಹೇಳುತ್ತೇನೆ. ನಿನ್ನ ಮನೆಯವರು, ಮಗಳು ಮಧು, ನಿಮ್ಮತ್ತೆಯ ಮೊಣಕಾಲು, ಎಲ್ಲವೂ ಕ್ಷೇಮವೆಂದು ನಂಬಿದ್ದೇನೆ. ನೀನು ಮೂರು ಸಲ ಫೋನ್ ಮಾಡಿದೆ, ನಾನು ಎತ್ತಲಿಲ್ಲ. ತಪ್ಪಾಯಿತು. ಎತ್ತಿದ್ದರೆ ಬಾಯಿಗೆ ಬೈಗುಳ ಬರುತ್ತಿತ್ತು, ಅದರ ಹಿಂದೆ ವ್ಯಾಕರಣ ಬರುತ್ತಿರಲಿಲ್ಲ. ವಾಟ್ಸಾಪಿನಲ್ಲಿ ಬೈಯೋಣವೆಂದರೆ ನೀನು ಅದಕ್ಕೂ ಒಂದು ಹೆಬ್ಬೆರಳು ಕಳಿಸುತ್ತೀ. ನಮ್ಮಜ್ಜಿ ಮುಮ್ತಾಜಬಿ ಓದಲು ಬಾರದೆ ಹೆಬ್ಬೆಟ್ಟು ಒತ್ತುತ್ತಿದ್ದಳು. ಎರಡು ಡಿಗ್ರಿಯವಳು ನೀನು ಓದದೆಯೇ ಒತ್ತುತ್ತೀ. ಅದಕ್ಕೇ ನಾಲ್ಕು ದಿನ ಬಾಯಿ ಮುಚ್ಚಿಕೊಂಡಿದ್ದು, ಇವತ್ತು ಕಾಗದ ಹಿಡಿದು ಕುಳಿತೆ. ಕಾಗದಕ್ಕೆ ಹೆಬ್ಬೆರಳು ತೋರಿಸಿದರೆ ಅದು ಸುಮ್ಮನಾಗುವುದಿಲ್ಲ.

ನಿನಗೆ ಸಲ್ಲಬೇಕಾದ ಹೊಗಳಿಕೆಯನ್ನು ಮೊದಲೇ ಸಲ್ಲಿಸಿಬಿಡುತ್ತೇನೆ, ಆಮೇಲೆ ನನ್ನ ಕೈ ಖಾಲಿ. ನಮ್ಮ ಶಾಲೆಗೆ ಬಂದ ದೊಡ್ಡ ಸ್ಮಾರ್ಟ್ ಬೋರ್ಡು ನೀನು ನೋಡಿದ್ದೀಯಲ್ಲ, ಮುಟ್ಟಿದರೆ ಕೆಲಸ ಮಾಡುವಂಥದ್ದು. ಹೆಡ್‌ಮಾಸ್ತರ ಕೊಟ್ರಪ್ಪ ಸರ್ ಅದಕ್ಕೆ ಹೂಹೂವಿನ ಬಟ್ಟೆಯ ಗವಸು ಹೊಲಿಸಿ, ಮೇಲೆ 'ಯಾರೂ ಮುಟ್ಟಬಾರದು' ಎಂದು ಚೀಟಿ ಅಂಟಿಸಿದ್ದರು. ಕೇಳಿದರೆ, "ಹುಡುಗುರ ಕೈ ನೋಡೀರೇನ್ರಿ ಟೀಚರ? ಬರೇ ಮಣ್ಣು. ಸರಕಾರದ ಸಾಮಾನ, ನಾಳೆ ನನ್ನ ಕುತ್ತಿಗಿಗೆ ಬರತೈತಿ" ಎಂದರು. ಪರದೆಗೇ ಪರದೆ ಹಾಕಿದ ಮೊದಲ ಶಾಲೆ ನಮ್ಮದೇ ಇರಬೇಕು. ಇನ್ನು ನಮ್ಮೂರಿನ ನೆಟ್ಟು ನೆಟ್ಟಗಿದ್ದದ್ದನ್ನು ಯಾರೂ ಕಂಡಿಲ್ಲ.

ಅಂಥ ಹೊತ್ತಿನಲ್ಲಿ ಹಾವೇರಿಯ ತರಬೇತಿಯಲ್ಲಿ ನೀನು ಆ ಕಾರ್ಡುಗಳ ಪಾಠ ಹೇಳಿಕೊಟ್ಟೆ. ಮಗುವಿಗೊಂದು ಕಾರ್ಡು. ಅದರ ಮೇಲೆ ಕಪ್ಪು ಬಿಳಿ ಚೌಕಗಳ ಗುರುತು, ಒಂದರಂತೆ ಇನ್ನೊಂದಿಲ್ಲ. ನಾಲ್ಕು ಅಂಚಿಗೆ ಅ, ಆ, ಇ, ಈ ಎಂದು ಇರುವೆಯಷ್ಟು ಅಕ್ಷರ. ತನ್ನ ಉತ್ತರದ ಅಂಚು ಮೇಲೆ ಬರುವಂತೆ ತಿರುಗಿಸಿ ಎತ್ತಿ ಹಿಡಿದರಾಯಿತು. ನಾನು ನನ್ನ ಫೋನಿನ ಕ್ಯಾಮೆರಾವನ್ನು ಆರತಿಯ ಹಾಗೆ ತರಗತಿಯ ಮುಂದೆ ಒಮ್ಮೆ ಆಡಿಸಿದರೆ ಮೂವತ್ತೆಂಟು ಉತ್ತರಗಳೂ ನನ್ನ ಅಂಗೈಯಲ್ಲಿ. ಪಕ್ಕದವರಿಗೆ ಗೊತ್ತಾಗುವುದಿಲ್ಲ. ಕೂಗಬೇಕಿಲ್ಲ, ಎದ್ದು ನಿಲ್ಲಬೇಕಿಲ್ಲ. ತಪ್ಪಾದರೆ ಅದು ಮಗುವಿಗೂ ನನಗೂ ನಡುವಿನ ಗುಟ್ಟು. ಗಂಟೆ ಹೊಡೆದ ಮೇಲೂ "ಇನ್ನೊಂದ್ರಿ ಟೀಚರ, ಇನ್ನೊಂದು" ಎಂದು ವಿಜ್ಞಾನಕ್ಕೆ ಹಟ ಹಿಡಿದ ಮಕ್ಕಳನ್ನು ನಾನು ಹದಿನಾರು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ. ಇದು ನಿನ್ನ ಪುಣ್ಯ. ಬರೆದುಕೊ.

ಆ ಗುಟ್ಟಿನಿಂದ ಬದುಕಿದವಳು ಬೀರವ್ವ. ಒಂಬತ್ತನೆಯ ತರಗತಿ, ಇಪ್ಪತ್ತೆರಡನೆಯ ಕಾರ್ಡು. ಹುಡುಗಿಗೆ ಮಾತು ತೊದಲುತ್ತದೆ. ಹಾಜರಿ ಕರೆದಾಗ ಅವಳ ಬಾಯಿಂದ 'ಎಸ್' ಹೊರಬರುವಷ್ಟರಲ್ಲಿ ನಾನು ಮುಂದಿನ ಮೂರು ಹೆಸರು ದಾಟಿರುತ್ತಿದ್ದೆ. ಒಂದನೆಯ ತರಗತಿಯಿಂದಲೂ ಮಾಸ್ತರರೆಲ್ಲ ಅವಳನ್ನು ಪ್ರಶ್ನೆ ಕೇಳುವುದನ್ನೇ ಬಿಟ್ಟಿದ್ದರು. ಕೇಳದಿದ್ದುದಕ್ಕೆ ದಡ್ಡಿ ಎಂಬ ಹೆಸರೂ ಬಂದಿತ್ತು. ಕಾರ್ಡು ಬಂದ ಮೂರನೆಯ ವಾರಕ್ಕೆ ನನ್ನ ಫೋನಿನಲ್ಲಿ ಎಲ್ಲರಿಗಿಂತ ಮೇಲೆ ಯಾರ ಹೆಸರಿತ್ತು ಗೊತ್ತೇ? ನಾನು ಎರಡು ಸಲ ಕನ್ನಡಕ ಒರೆಸಿದೆ.

ಅವಳ ಅಪ್ಪ ಮೈಲಪ್ಪನನ್ನು ಕರೆಸಿದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಚೀಲ ಹೊರುವ ಮನುಷ್ಯ. ಈ ಸುಗ್ಗಿಯಿಂದ ಮಗಳನ್ನೂ ಶಾಲೆ ಬಿಡಿಸಿ, ಕಾಯಿಯ ತೊಟ್ಟು ಮುರಿಯುವ ಹೆಂಗಸರ ಜೊತೆ ಕೂರಿಸುವವನಿದ್ದ. ಫೋನು ತೋರಿಸಿದೆ. ಬಹಳ ಹೊತ್ತು ನೋಡಿ ಕೇಳಿದ, "ಇದು ಖರೇನೇನ್ರಿ? ಮಷೀನ ಸುಳ್ಳ ಹೇಳೂದಿಲ್ಲಲ್ಲ?"

"ಮಷೀನಿಗೆ ಸುಳ್ಳ ಹೇಳಾಕ ಬರೂದಿಲ್ಲ ಮೈಲಪ್ಪಾ" ಎಂದೆ, ನಾನೇ ಅದನ್ನು ಹೆತ್ತವಳ ಹಾಗೆ.

"ಹಂಗಾರ ಓದ್ಲಿ ಬಿಡ್ರಿ" ಎಂದ.

ಅಲ್ಲಿಗೆ ನಿನ್ನ ಹೊಗಳಿಕೆ ಮುಗಿಯಿತು. ಇನ್ನು ಕಳೆದ ಸೋಮವಾರದ ಕಥೆ.

ಮೇಲಿನ ಕಚೇರಿಯ ಸಾಹೇಬರನ್ನು ಕರೆದುಕೊಂಡು ನೀನು ಬಂದೆ. ಮಾದರಿ ಪಾಠವಂತೆ. ಕೊಟ್ರಪ್ಪ ಸರ್ ಗವಸು ತೆಗೆದು, ಬೋರ್ಡಿಗೆ ಮಲ್ಲಿಗೆ ಮಾಲೆ ಹಾಕಿದರು. ಜೀವಂತ ಇದ್ದವರಿಗೂ ಹೀಗೆ ಹಾಕುತ್ತಾರಲ್ಲ ಎಂದು ನಾವಿಬ್ಬರೂ ನಕ್ಕೆವು. ಹಾಳಾದ ನೆಟ್ಟು ಅವತ್ತೇ ನೆಟ್ಟಗಿತ್ತು. 'ಶಬ್ದ' ಪಾಠ. ಶಬ್ದ ಯಾವುದರೊಳಗೆ ಸಾಗಲಾರದು: ಗಾಳಿ, ನೀರು, ಕಬ್ಬಿಣ, ನಿರ್ವಾತ? ಮೂವತ್ತೆಂಟು ಕಾರ್ಡು ಮೇಲೆದ್ದವು, ನಾನು ಆರತಿ ಎತ್ತಿದೆ.

ಸಾಹೇಬರು ಖುಷಿಯಾದರು. "ಭಾಳ ಛಲೋ, ಭಾಳ ಛಲೋ. ಮತ್ತ ಹೆಸರು? ಯಾರು ತಪ್ಪ್ಯಾರ ಅನ್ನೂದು ನಮಗೂ ಕಾಣಬೇಕಲ್ರಿ."

ಹೆಸರು ತೋರಿಸಬಾರದೆನ್ನುವುದೇ ಈ ಆಟದ ಜೀವ. ಅದನ್ನು ನನಗೆ ಕಲಿಸಿದವಳೇ ನೀನು. ನಾನು ನಿನ್ನ ಮುಖ ನೋಡಿದೆ. ನೀನು ವಿಡಿಯೊ ತೆಗೆಯುತ್ತಿದ್ದವಳು ಕಣ್ಣು ಮಿಟುಕಿಸಿ, "ತೋರಸಲೇ, ಏನಾಗತೈತಿ" ಎಂದೆ. ನಾನು ಒತ್ತಿದೆ. ಗೋಡೆಯಷ್ಟು ದೊಡ್ಡ ಬೋರ್ಡಿನ ಮೇಲೆ ಮೂವತ್ತೇಳು ಹೆಸರು ಹಸಿರಾದವು. ಒಂದು ಹೆಸರಿನ ಮುಂದೆ ಖಾಲಿ.

"ಇದ್ಯಾರು? ಏಳಮ್ಮಾ. ಉತ್ತರ ಯಾಕ ಹೇಳಿಲ್ಲ ನೀ?"

ಬೀರವ್ವ ಎದ್ದಳು. ಕಾರ್ಡು ಇನ್ನೂ ಎದೆಯ ಮೇಲೆಯೇ ಇತ್ತು. ತುಟಿ ಅಲುಗಿತು, ಕತ್ತಿನ ನರ ಉಬ್ಬಿತು, ಶಬ್ದ ಹೊರಡಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಸಾಹೇಬರು ತಮಾಷೆಗೆಂದೇ ಕೇಳಿರಬೇಕು, "ಆ್ಯಪ್ ಕೆಟ್ಟೈತೋ, ಹುಡುಗಿ ಕೆಟ್ಟಾಳೋ?"

ನಮ್ಮವರ ಸಾಲಿನಿಂದ ಉತ್ತರ ಹೋಯಿತು. "ಆಕಿ ಸ್ವಲ್ಪ ಮಂದ ಅದಾಳ್ರಿ ಸರ್."

"ನೋಡ್ರಿ! ಹೆಂಗ ಹಿಡೀತು ನೋಡ್ರಿ ಆ್ಯಪ್ಪು!" ಎಂದು ಸಾಹೇಬರು ಚಪ್ಪಾಳೆ ತಟ್ಟಿದರು. ಕೊಟ್ರಪ್ಪ ಸರ್ ತಟ್ಟಿದರು. ದೊಡ್ಡವರು ತಟ್ಟಿದಾಗ ಮಕ್ಕಳೂ ತಟ್ಟುತ್ತಾರೆ. ಒಂದು ಹುಡುಗಿ ಮಂದಳೆಂದು ಇಡೀ ತರಗತಿ ಚಪ್ಪಾಳೆ ತಟ್ಟಿತು, ಸುಧಾ. ಅವಳು ನಿಂತೇ ಇದ್ದಳು. ನೀನು ಆಗಲೇ ಆ ಫೋಟೊ ತೆಗೆದದ್ದು.

ನೀವೆಲ್ಲ ಉಪ್ಪಿಟ್ಟು ಶಿರಾ ತಿಂದು ಜೀಪು ಹತ್ತಿದ ಮೇಲೆ ಕಾರ್ಡು ತೆಗೆದಿಡಲು ಹೋದೆ. ಇಪ್ಪತ್ತೆರಡನೆಯ ಕಾರ್ಡು ಕೈಗೆ ಜಿಡ್ಡಾಗಿ ಹತ್ತಿತು. ಬಿಳಿ ಚೌಕದ ಮೇಲೆ ದಪ್ಪಗೆ ಕೇಸರಿ ಸಿಂಧೂರ, ಎಣ್ಣೆ ಕಾರ್ಡಿನ ತುಂಬ ಹರಡಿದೆ. ಕಪ್ಪು ಯಾವುದು ಬಿಳಿ ಯಾವುದು ಎಂದು ಕ್ಯಾಮೆರಾಕ್ಕೆ ತಿಳಿದಿಲ್ಲ. ಅವಳ ಪಕ್ಕ ಕೂರುವ ದಿಲನಾಜಳನ್ನು ಕರೆದೆ.

"ಆಕಿ ಶನಿವಾರ ಕದರಮಂಡಲಗಿಗೆ ಹೋಗಿದ್ಲ್ರಿ ಟೀಚರ. ನಿಮ್ಮನ್ನ ಕೇಳೇ ಕಾರ್ಡ ಮನೀಗೆ ಒಯ್ದಿದ್ಲಲ್ರಿ? ಹಣಮಪ್ಪನ ಪಾದಕ್ಕ ಮುಟ್ಟಿಸಿ, ಪೂಜಾರಿ ಕಡೆ ಸಿಂಧೂರ ಹಚ್ಚಿಸಿಕೊಂಡ ಬಂದ್ಲು. ಸಾಹೇಬರು ಬರ್ತಾರ, ತಪ್ಪಬಾರದು ಅಂತ."

"ಇವತ್ತ ಯಾವ ಅಂಚು ಮ್ಯಾಲ ಹಿಡಿದಿದ್ಲು, ನೋಡಿದ್ಯೇನು?"

"'ಈ' ರಿ ಟೀಚರ. ನಿರ್ವಾತ. ಎಲ್ಲಾರ್ಕಿಂತ ಮೊದಲ ಎತ್ತಿದ್ದು ಆಕೀನಾ."

ನಮ್ಮಲ್ಲಿ ಹೊಸ ಟ್ರ್ಯಾಕ್ಟರಿಗೆ ಹಚ್ಚುತ್ತಾರೆ, ತಕ್ಕಡಿಗೆ ಹಚ್ಚುತ್ತಾರೆ, ಹೊಲಿಗೆ ಮಷೀನಿಗೆ ಹಚ್ಚುತ್ತಾರೆ. ತನ್ನ ನಾಲಗೆಯಂತಿದ್ದ ಕಾರ್ಡಿಗೆ ಹುಡುಗಿ ಹಚ್ಚಿಸಿಕೊಂಡು ಬಂದಳು. ಅದರಲ್ಲಿ ಅವಳ ತಪ್ಪೇನು? ಹಚ್ಚಬಾರದೆಂದು ನೀನೂ ತರಬೇತಿಯಲ್ಲಿ ಹೇಳಲಿಲ್ಲ, ನಾನೂ ಹೇಳಲಿಲ್ಲ. ಈ ಆ್ಯಪ್ ಮಾಡಿದವರಿಗೆ ಹಣಮಪ್ಪ ಗೊತ್ತಿರಲಿಕ್ಕಿಲ್ಲ; ನಮಗೆ ಗೊತ್ತಿತ್ತಲ್ಲ!

ಇಷ್ಟನ್ನೂ ಅವತ್ತೇ ಸಂಜೆ ನಿನಗೆ ಬರೆದು ಕಳಿಸಿದೆ. ಹೆಬ್ಬೆರಳು ಬಂತು. ಮರುದಿನ ತಾಲೂಕಿನ ಎಲ್ಲ ಶಾಲೆಗಳ ಗ್ರೂಪಿನಲ್ಲಿ ನಿನ್ನ ವಿಡಿಯೊ, ನಿನ್ನ ವರದಿ, ಅದರ ಕೆಳಗೆ ಬೀರವ್ವ ತಲೆತಗ್ಗಿಸಿ ನಿಂತ ಫೋಟೊ: 'ಕಲಿಕೆಯಲ್ಲಿ ಹಿಂದುಳಿದವರನ್ನು ಕ್ಷಣಾರ್ಧದಲ್ಲಿ ಪತ್ತೆ ಹಚ್ಚಬಹುದು.' ಪತ್ತೆ ಹಚ್ಚಲು ಅವಳೇನು ಚಿನ್ನ ಕದ್ದಿದ್ದಳೇ? ನಾನು ಸಿಟ್ಟಾದೆನೆಂದು ಗೊತ್ತಾಗಿ ನೀನು ಧ್ವನಿ ಸಂದೇಶ ಕಳಿಸಿದೆ: "ಬಿಡಲೇ ಬೇನೂ, ಒಂದ ಫೋಟೋಕ್ಕ ಇಷ್ಟ್ಯಾಕ? ಬೇಕಂದ್ರ ಮುಖಾ ಮಸುಕ ಮಾಡಿ ಹಾಕ್ತೇನಿ." ಮಾಡು ತಾಯಿ. ಮಾತನ್ನು ದೇವರೇ ಮಸುಕು ಮಾಡಿದ್ದಾನೆ, ಮುಖವೊಂದು ಉಳಿದಿತ್ತು, ಅದನ್ನು ನೀನು ಮಾಡಿ ಮುಗಿಸು. ಆ್ಯಪ್ಪನ್ನು ನಾನು ಆಪ್ತ ಎಂದುಕೊಂಡಿದ್ದೆ. ನಿನ್ನನ್ನೂ.

ಮಂಗಳವಾರದಿಂದ ಹುಡುಗಿ ಶಾಲೆಗೆ ಬಂದಿಲ್ಲ. ಮೊನ್ನೆ ಗುರುವಾರ ಬ್ಯಾಡಗಿಗೆ ಹೋದೆ. ತಗಡಿನ ಚಪ್ಪರದ ಕೆಳಗೆ ಕೆಂಪು ಗುಡ್ಡದಂತೆ ಕಾಯಿಯ ರಾಶಿ, ಸುತ್ತ ಹೆಂಗಸರು, ಅವರ ನಡುವೆ ಇವಳು. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ತೊಟ್ಟು ಮುರಿಯುತ್ತಿದ್ದಳು. ಗಟ್ಟಿಯಾಗಿ ನಾಲ್ಕು ಮಾತಾಡಬೇಕೆಂದು ಹೋದ ನಾನು ಘಾಟಿಗೆ ಆರು ಸಲ ಸೀನಿದೆ, ಹೆಂಗಸರೆಲ್ಲ ನಕ್ಕರು. ಬೀರವ್ವ ಮಾತ್ರ ನಗದೆ, ತನ್ನ ಒದ್ದೆ ಬಟ್ಟೆಯನ್ನೇ ಬಿಚ್ಚಿ ಮೂಗಿಗೆ ಹಿಡಿದುಕೊಳ್ಳಲು ಕೊಟ್ಟು, ಮತ್ತೆ ತಲೆ ಬಗ್ಗಿಸಿದಳು.

"ಯಾಕ ಬಿಡಿಸೀರಿ ಮೈಲಪ್ಪಾ? ಮುಂದಿನ ತಿಂಗಳ ಪರೀಕ್ಷಾ ಐತಿ" ಎಂದು ಚೀಲಗಳ ಬಳಿ ನಿಂತಿದ್ದ ಅವಳ ಅಪ್ಪನನ್ನು ಕೇಳಿದೆ.

"ನಾ ಎಲ್ಲಿ ಬಿಡಿಸೇನ್ರಿ, ಆಕೀನಾ ಒಲ್ಲೆ ಅಂದ್ಲು. ಮಷೀನ ಮಂದ ಅಂದೈತಂತಲ್ರಿ. ಮಾಸ್ತರು ಅಂದಿದ್ರ ನಾ ಬಂದು ಜಗಳಾ ತಗೀತಿದ್ದೆ. ಮನಷ್ಯಾರಿಗೆ ಸಿಟ್ಟಿರತಾವ, ಜಾತಿ ಇರತೈತಿ. ಮಷೀನಿಗೆ ನಮ್ಮ ಮ್ಯಾಲ ಏನ್ರಿ ಸಿಟ್ಟು? ಸುಳ್ಳ ಹೇಳಾಕ ಬರೂದಿಲ್ಲ ಅಂತ ನೀವ ಹೇಳೀರಿ."

ಸಿಂಧೂರದ ಕಥೆ ಹೇಳಿದೆ. ಕೇಳಿ, "ಹಂಗಂತ ಎಲ್ಲಾರ ಫೋನಿಗೂ ಬಂದ ಆ ಫೋಟೋದ ಬುಡಕ ಬರದಿಲ್ಲಲ್ರಿ" ಎಂದು ಚೀಲಕ್ಕೆ ಹೆಗಲು ಕೊಟ್ಟ.

ಆದ್ದರಿಂದ ನೀನು ಮಾಡಬೇಕಾದದ್ದು ಇಷ್ಟು. ಆ ವರದಿಯನ್ನು ತೆಗೆ. ಅದೇ ಗ್ರೂಪಿನಲ್ಲಿ, ಅದೇ ಸಾಹೇಬರ ಕಣ್ಣಿಗೆ ಬೀಳುವಂತೆ, ಹುಡುಗಿಯ ಉತ್ತರ ಸರಿಯಿತ್ತು, ಕ್ಯಾಮೆರಾ ಓದಲಿಲ್ಲ, ಹೆಸರು ತೋರಿಸಿದ್ದು ನಮ್ಮ ತಪ್ಪು ಎಂದು ಬರೆ. ೨೫ನೆಯ ತಾರೀಕು ಮಂಗಳವಾರ ರಜೆ ಹಾಕಿ ಬ್ಯಾಡಗಿಗೆ ಬಾ, ಮೈಲಪ್ಪನಿಗೆ ಅದನ್ನು ಓದಿ ಹೇಳು. ಹೊಸ ಕಾರ್ಡು ಅಚ್ಚು ಮಾಡಿಸಿದ್ದೇನೆ. ನೀನು ಬಾರದಿದ್ದರೆ ಇನ್ನು ಮುಂದೆ ನಿನ್ನ ತರಬೇತಿಗೆ ನಾನಿಲ್ಲ, ನನ್ನ ಮನೆಯ ಬಿರಿಯಾನಿಗೆ ನೀನಿಲ್ಲ.

ಮಧುವಿಗೆ ನನ್ನ ಮುತ್ತು. ಅವಳಿಗೆ ಚೆನ್ನಾಗಿ ಓದುವ ಬುದ್ಧಿಯನ್ನೂ, ಅದನ್ನು ಎಲ್ಲರೆದುರು ತೋರಿಸು ಎಂದು ಪೀಡಿಸದ ಟೀಚರುಗಳನ್ನೂ ದೇವರು ಕೊಡಲಿ. ಅತ್ತೆಯವರಿಗೆ ಸಲಾಂ ಹೇಳು. ನಿನಗೂ ಒಳ್ಳೆಯದಾಗಲಿ, ಮಂಗಳವಾರದ ನಂತರ.

ಸದ್ಯಕ್ಕೆ ಅರ್ಧ ಮಾತ್ರ ನಿನ್ನವಳಾದ,
ಬೇನಜೀರ

ತಾ.ಕ.: ಲಕೋಟೆ ಅಂಟಿಸಿದ್ದನ್ನು ಮತ್ತೆ ಹರಿದೆ. ಇಡೀ ಕಾಗದದಲ್ಲಿ ಎಲ್ಲರನ್ನೂ ಹೆಸರು ಹಿಡಿದು ಬೈದವಳು, ಒಂದು ಕಡೆ ಮಾತ್ರ 'ನಮ್ಮವರ ಸಾಲಿನಿಂದ' ಎಂದು ಜಾರಿಕೊಂಡಿದ್ದೇನೆ. 'ಆಕಿ ಸ್ವಲ್ಪ ಮಂದ ಅದಾಳ್ರಿ ಸರ್' ಎಂದವಳು ನಾನು. ಆ್ಯಪ್ ಕೆಟ್ಟಿದೆ ಎಂದರೆ ನನ್ನ ಪಾಠ ಕೆಡುತ್ತಿತ್ತು, ಅದಕ್ಕೇ ಹುಡುಗಿಯನ್ನು ಕೊಟ್ಟುಬಿಟ್ಟೆ. ನಿನಗೆ ಗೊತ್ತು, ಗೊತ್ತಿದ್ದೇ ವಿಡಿಯೊದಲ್ಲಿ ಆ ಒಂದು ಮಾತನ್ನು ಕತ್ತರಿಸಿ ನನ್ನ ಮಾನ ಉಳಿಸಿದ್ದೀ. ನಿನ್ನ ಮೇಲಿನ ನನ್ನ ಸಿಟ್ಟಿನಲ್ಲಿ ಅರ್ಧ ಅದಕ್ಕೇ.

ಶುಕ್ರವಾರ ದಿಲನಾಜ ಬಂದು ಹೇಳಿದಳು: "ಬೀರವ್ವ ಅವತ್ತ ಸಾಲಿ ಬಿಟ್ಟ ಮ್ಯಾಲ ನಮಗೆಲ್ಲಾ ಆಣಿ ಹಾಕಿಸ್ಯಾಳ್ರಿ ಟೀಚರ. ಅಪ್ಪ ಕೇಳಿದ್ರ ಮಷೀನ ಅಂದೈತಿ ಅನ್ರಿ, ಟೀಚರ ಹೆಸರ ತಗೀಬ್ಯಾಡ್ರಿ, ಅಪ್ಪ ಸಿಟ್ಟಿನ ಮನಷ್ಯಾ ಅಂತ." ತನ್ನ ಹೆಸರು ಹೇಳಲು ತಿಣುಕುವ ಹುಡುಗಿ ಅಷ್ಟುದ್ದದ ಮಾತನ್ನು ಮೂವತ್ತೇಳು ಮಕ್ಕಳಿಗೆ ಎಷ್ಟು ಹೊತ್ತು ಹಿಡಿದು ಹೇಳಿದಳೋ.

ಮಂಗಳವಾರ ನೀನು ನಿನ್ನದನ್ನು ಓದಿದ ಮೇಲೆ ನಾನು ನನ್ನದನ್ನು ಹೇಳುತ್ತೇನೆ. ಮೈಲಪ್ಪ ನನ್ನನ್ನು ಬೈಯುವಾಗ ನಡುವೆ ಬರಬೇಡ.